ಪ್ರಯೋಗಾಲಯದ ಪ್ರತಿಕಾಯ ಖರೀದಿ: ಕನಿಷ್ಠ ದರವೇ ಲಾಭವೇ?

ನರೋಣಾ ಹೋಬಳಿಯ ರೈತನು ತೊಗರಿಯ ಚೀಲಗಳನ್ನು ಕಲಬುರಗಿಯ ಕೃಷಿ ಉತ್ಪನ್ನ ಮಾರುಕಟ್ಟೆಗೆ ತಂದಾಗ, ಖರೀದಿದಾರನು ಚೀಲಕ್ಕೆ ಅಂಟಿಸಿದ ಚೀಟಿಯನ್ನು ಓದಿ ದರ ಹೇಳುವುದಿಲ್ಲ. ಚೀಲದ ನಡುವಿನಿಂದ ಮಾದರಿ ತೆಗೆಯುತ್ತಾನೆ. ಅಂಗೈಯಲ್ಲಿ ಹರಡಿ ಹುಳುಕು, ಕಸ, ಒಡಕು ನೋಡುತ್ತಾನೆ. ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ತೇವಾಂಶವನ್ನು ಅಂದಾಜು ಮಾಡುತ್ತಾನೆ. ಅನಂತರವೇ ದರದ ಮಾತು. ಕಣ್ಣಿಗೆ ಕಾಣುವ ಸರಕನ್ನೂ ಪರೀಕ್ಷಿಸದೆ ಕೊಳ್ಳಬಾರದೆಂಬುದು ಈ ಭಾಗದ ವರ್ತಕರು ತಲೆತಲಾಂತರದಿಂದ ಪಾಲಿಸಿಕೊಂಡು ಬಂದಿರುವ ನೀತಿ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತುದರ ಹಿಂದೆಯೂ ಸರಕಿನ ಗುಣಕ್ಕೆ ಆಧಾರ ಬೇಕೆಂಬ ತತ್ತ್ವವೇ ಇದೆ.

ನರೋಣಾ ಇರುವ ಅದೇ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕಲಬುರಗಿ ನಗರದಲ್ಲಿ 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯವಿದೆ, ವೈದ್ಯಕೀಯ ಕಾಲೇಜುಗಳಿವೆ, ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯ ಘಟಕವಿದೆ. ಇಂತಹ ಸಂಸ್ಥೆಗಳ ಜೀವವಿಜ್ಞಾನ ಹಾಗೂ ರೋಗನಿರ್ಣಯ ಪ್ರಯೋಗಾಲಯಗಳು ಕೊಳ್ಳುವ ಸರಕುಗಳಲ್ಲಿ ಒಂದು ವಿಚಿತ್ರವಾದದ್ದು. ಅದನ್ನು ಕಣ್ಣಿನಿಂದ ನೋಡಿ ಪ್ರಯೋಜನವಿಲ್ಲ, ತೂಗಿ ಪ್ರಯೋಜನವಿಲ್ಲ, ಮೂಸಿ ನೋಡಿದರೂ ಪ್ರಯೋಜನವಿಲ್ಲ. ಅದರ ಹೆಸರು ಪ್ರತಿಕಾಯ. ಎರಡು ಹನಿಯಷ್ಟು ದ್ರವಕ್ಕೆ ಹತ್ತಾರು ಸಾವಿರ ರೂಪಾಯಿ ಬೆಲೆ. ಇಂತಹ ಸರಕನ್ನು ಕೇವಲ ಶೀಸೆಯ ಚೀಟಿಯನ್ನೂ ದರಪಟ್ಟಿಯ ಕೊನೆಯ ಸಾಲನ್ನೂ ನೋಡಿ ಕೊಳ್ಳುವ ಪದ್ಧತಿ ಎಷ್ಟರ ಮಟ್ಟಿಗೆ ಸರಿ ಎಂಬುದು ವ್ಯಾಪಾರಸ್ಥರೂ ಸಣ್ಣ ಉದ್ದಿಮೆದಾರರೂ ಯೋಚಿಸಬೇಕಾದ ವಿಷಯವಾಗಿದೆ.

ಸರಕಿನ ಪರಿಚಯ

ಪ್ರತಿಕಾಯವೆಂಬ ಶಬ್ದ ಕೋವಿಡ್ ಕಾಲದಿಂದ ಎಲ್ಲರ ಬಾಯಲ್ಲಿದೆ. ಶರೀರಕ್ಕೆ ಪರಕೀಯ ವಸ್ತು ಹೊಕ್ಕಾಗ ಅದನ್ನು ಗುರುತಿಸಿ ಹಿಡಿಯಲು ರಕ್ತದಲ್ಲಿ ಹುಟ್ಟುವ ಪ್ರೋಟೀನೇ ಪ್ರತಿಕಾಯ. ಒಂದು ಬೀಗಕ್ಕೆ ಒಂದೇ ಕೀಲಿ ಎಂಬಂತೆ ಒಂದು ಪ್ರತಿಕಾಯ ಒಂದೇ ಗುರಿಯನ್ನು ಹಿಡಿಯಬೇಕು. ಈ ಗುಣವನ್ನೇ ಪ್ರಯೋಗಾಲಯಗಳು ಬಳಸಿಕೊಳ್ಳುತ್ತವೆ. ಸಾವಿರಾರು ಪ್ರೋಟೀನುಗಳು ಬೆರೆತಿರುವ ಜೀವಕೋಶದೊಳಗೆ ಬೇಕಾದ ಒಂದನ್ನೇ ಹುಡುಕಲು ಅದಕ್ಕೆ ತಕ್ಕ ಪ್ರತಿಕಾಯವನ್ನು ಬಿಟ್ಟು, ಅದು ಎಲ್ಲಿ ಅಂಟಿಕೊಂಡಿತೆಂದು ಬಣ್ಣದ ಅಥವಾ ಬೆಳಕಿನ ಮೂಲಕ ನೋಡುತ್ತಾರೆ.

ಬ್ಯಾಕ್ಸ್ ಎಂಬ ಪ್ರೋಟೀನಿನ ಪ್ರತಿಕಾಯವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಶರೀರದ ಪ್ರತಿಯೊಂದು ಜೀವಕೋಶದಲ್ಲೂ ತನ್ನನ್ನು ತಾನೇ ಕ್ರಮಬದ್ಧವಾಗಿ ಮುಗಿಸಿಕೊಳ್ಳುವ ವ್ಯವಸ್ಥೆಯೊಂದಿದೆ. ಕೆಟ್ಟುಹೋದ, ವಯಸ್ಸಾದ, ಅನಗತ್ಯವಾದ ಕೋಶಗಳು ಹೀಗೆ ಅಳಿಯುವುದರಿಂದಲೇ ಶರೀರ ಸುಸ್ಥಿತಿಯಲ್ಲಿರುತ್ತದೆ. ಈ ನಿಯಂತ್ರಿತ ಕೋಶಮರಣಕ್ಕೆ 1972ರಲ್ಲಿ ಅಪಾಪ್ಟೋಸಿಸ್ ಎಂಬ ಹೆಸರನ್ನು ಇಡಲಾಯಿತು. ಅದರ ವಂಶವಾಹಿಗಳನ್ನು ಕಂಡುಹಿಡಿದವರಿಗೆ 2002ರ ನೊಬೆಲ್ ಪುರಸ್ಕಾರ ಸಂದಿತು. ಬ್ಯಾಕ್ಸ್ ಪ್ರೋಟೀನು 1993ರಲ್ಲಿ ಬೆಳಕಿಗೆ ಬಂದಿತು. ಸಾಮಾನ್ಯ ಕಾಲದಲ್ಲಿ ಅದು ಕೋಶದೊಳಗೆ ಸುಮ್ಮನಿರುತ್ತದೆ. ಮರಣದ ಆಜ್ಞೆ ಬಂದಾಗ ಆಕಾರ ಬದಲಿಸಿ, ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಹೊರಪೊರೆಯಲ್ಲಿ ರಂಧ್ರ ಮಾಡುತ್ತದೆ. ಅಲ್ಲಿಂದ ಕೋಶ ಹಿಂದಿರುಗಲಾರದು.

ಕ್ಯಾನ್ಸರ್ ಕೋಶಗಳ ದುಷ್ಟತನವೆಂದರೆ ಅವು ಸಾಯಲು ಒಪ್ಪದಿರುವುದು. ಬಿಸಿಎಲ್-2 ಎಂಬ ಇನ್ನೊಂದು ಪ್ರೋಟೀನನ್ನು ಹೆಚ್ಚಾಗಿ ಇಟ್ಟುಕೊಂಡು ಬ್ಯಾಕ್ಸ್ ಮತ್ತು ಅದರ ಸೋದರನಾದ ಬ್ಯಾಕ್ ಪ್ರೋಟೀನುಗಳನ್ನು ಹಲವು ಕ್ಯಾನ್ಸರ್‌ಗಳು ಕಟ್ಟಿಹಾಕುತ್ತವೆ. ಈ ಕಟ್ಟನ್ನು ಬಿಚ್ಚುವ ವೆನೆಟೊಕ್ಲಾಕ್ಸ್ ಎಂಬ ಔಷಧಕ್ಕೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ರಾಘವನ್ ಅವರ ಪ್ರಯೋಗಾಲಯವು ಇದೇ ಗುರಿಯ ಡಿಸಾರಿಬ್ ಎಂಬ ಅಣುವನ್ನು ರೂಪಿಸಿ ಫಲಿತಾಂಶಗಳನ್ನು ಪ್ರಕಟಿಸಿದೆ. ಔಷಧವು ಕೆಲಸ ಮಾಡಿತೇ, ಕೋಶ ನಿಜಕ್ಕೂ ಸಾವಿನ ದಾರಿ ಹಿಡಿಯಿತೇ ಎಂದು ಇಂತಹ ಸಂಶೋಧನೆಗಳಲ್ಲಿ ತಿಳಿಯಬೇಕಾದರೆ ಬ್ಯಾಕ್ಸ್‌ನಂತಹ ಪ್ರೋಟೀನುಗಳನ್ನು ತೋರಿಸಿಕೊಡುವ ಪ್ರತಿಕಾಯ ಬೇಕೇ ಬೇಕು. ಅದೇ ತಪ್ಪಿದರೆ ಇಡೀ ಲೆಕ್ಕವೇ ತಪ್ಪಿದಂತೆ.

ತಕ್ಕಡಿ ಸರಿಯಿದ್ದರೂ ತೂಕ ತಪ್ಪಬಹುದು

ಬ್ಯಾಕ್ಸ್‌ಗೆ ಸಂಬಂಧಿಸಿದ 6ಎ7 ಎಂಬ ಪ್ರತಿಕಾಯದ ಚರಿತ್ರೆ ಇಲ್ಲಿ ಉಲ್ಲೇಖನೀಯವಾಗಿದೆ. ಸುಮ್ಮನಿರುವ ಬ್ಯಾಕ್ಸನ್ನು ಬಿಟ್ಟು, ಮರಣಕ್ಕೆ ಅಣಿಯಾಗಿ ಆಕಾರ ಬದಲಿಸಿದ ಬ್ಯಾಕ್ಸನ್ನು ಮಾತ್ರ ಹಿಡಿಯುವುದು ಇದರ ವಿಶೇಷ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳಾದ ಯೀ-ಟೆ ಶು ಮತ್ತು ರಿಚರ್ಡ್ ಯೂಲ್ ಅವರು 1997 ಹಾಗೂ 1998ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಒಂದು ಎಚ್ಚರಿಕೆಯೂ ಇತ್ತು. ಜೀವಕೋಶವನ್ನು ಒಡೆಯಲು ಪ್ರಯೋಗಾಲಯಗಳಲ್ಲಿ ಸಾಬೂನಿನಂತಹ ಮಾರ್ಜಕಗಳನ್ನು ಬಳಸುತ್ತಾರೆ. ಟ್ರೈಟಾನ್ ಎಕ್ಸ್-100ರಂತಹ ಕೆಲವು ಮಾರ್ಜಕಗಳು ಬ್ಯಾಕ್ಸ್‌ನ ಆಕಾರವನ್ನು ತಾವೇ ಬದಲಿಸಿಬಿಡುತ್ತವೆ. ಚಾಪ್ಸ್ ಎಂಬ ಮಾರ್ಜಕ ಹಾಗೆ ಮಾಡುವುದಿಲ್ಲ. ಅಂದರೆ ಆರೋಗ್ಯವಾಗಿದ್ದ ಕೋಶವೂ ತೊಳೆದ ಸಾಬೂನಿನ ದೋಷದಿಂದ ಸಾಯುತ್ತಿರುವಂತೆ ಕಾಣಬಹುದು!

ತೊಗರಿಯ ತೇವಾಂಶ ಅಳೆಯುವ ಯಂತ್ರವನ್ನು ಒದ್ದೆ ಕೈಯಿಂದ ಹಿಡಿದರೆ ಏನಾಗುವುದೆಂದು ದಾಲ್ ಮಿಲ್ ಮಾಲೀಕರಿಗೆ ಹೇಳಬೇಕಾಗಿಲ್ಲ. ಆದ್ದರಿಂದ ಪ್ರತಿಕಾಯದ ಶೀಸೆಯೊಡನೆ ಅದನ್ನು ಯಾವ ಬಗೆಯ ಪರೀಕ್ಷೆಯಲ್ಲಿ, ಯಾವ ಮಾರ್ಜಕದೊಡನೆ, ಯಾವ ಪ್ರಮಾಣದಲ್ಲಿ ಬಳಸಿ ಪರಿಶೀಲಿಸಲಾಗಿದೆ ಎಂಬ ವಿವರ ಬರಬೇಕು. ಆ ವಿವರವಿಲ್ಲದ ಶೀಸೆ ಅರ್ಧ ಸರಕು ಮಾತ್ರ.

ಹೆಸರು ಒಂದೇ, ಸರಕು ಬೇರೆ

ಪ್ರತಿಕಾಯಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಮೊಲ, ಮೇಕೆ ಮುಂತಾದ ಪ್ರಾಣಿಗಳಿಗೆ ಗುರಿ ಪ್ರೋಟೀನನ್ನು ಚುಚ್ಚಿ ರಕ್ತದಿಂದ ತೆಗೆಯುವುದು ಮೊದಲನೆಯದು. ಇದು ಅನೇಕ ಪ್ರತಿಕಾಯಗಳ ಮಿಶ್ರಣ. ಪ್ರಾಣಿ ಬದಲಾದಂತೆ ಸರಕೂ ಬದಲಾಗುತ್ತದೆ. ಹಳೆಯ ಲಾಟ್ ಮುಗಿದ ಮೇಲೆ ಹೊಸದು ಹಾಗೆಯೇ ಇರುತ್ತದೆಂಬ ಖಾತರಿಯಿಲ್ಲ. ಒಂದೇ ಕೋಶದ ಸಂತತಿಯಿಂದ ಒಂದೇ ಬಗೆಯ ಪ್ರತಿಕಾಯವನ್ನು ನಿರಂತರವಾಗಿ ಪಡೆಯುವ ಏಕಮೂಲ ವಿಧಾನ ಎರಡನೆಯದು. ಕೇಂಬ್ರಿಡ್ಜ್‌ನಲ್ಲಿ ಜಾರ್ಜ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಅವರು 1975ರಲ್ಲಿ ಇದನ್ನು ಕಂಡುಹಿಡಿದರು. 1984ರಲ್ಲಿ ನೊಬೆಲ್ ಪುರಸ್ಕಾರ ಪಡೆದರು. ಬ್ರಿಟನ್ನಿನ ಸರ್ಕಾರಿ ನಿಗಮವು ಇದರ ವಾಣಿಜ್ಯ ಮೌಲ್ಯವನ್ನು ಗುರುತಿಸಲಾರದೆ ಪೇಟೆಂಟ್ ಪಡೆಯಲಿಲ್ಲವೆಂಬುದು ವಾಣಿಜ್ಯ ಜಗತ್ತಿನ ದೊಡ್ಡ ಪಾಠ. ಸರಕಿನ ಮೌಲ್ಯವನ್ನು ಅರಿಯದ ಕಚೇರಿ ಕಡತಗಳು ಕೋಟ್ಯಂತರ ಹಣದ ಆದಾಯವನ್ನು ಹೀಗೂ ಕಳೆಯಬಲ್ಲವು.

ಪ್ರತಿಕಾಯದ ವಂಶವಾಹಿ ಸೂತ್ರವನ್ನೇ ಓದಿ ದಾಖಲಿಸಿ, ಅದರ ಆಧಾರದಿಂದ ಕಾರ್ಖಾನೆಯಲ್ಲಿ ತಯಾರಿಸುವುದು ಮೂರನೆಯ ಬಗೆ. ಸೂತ್ರ ಕೈಯಲ್ಲಿರುವುದರಿಂದ ಇಂದಿನ ಸರಕೂ ಹತ್ತು ವರ್ಷದ ನಂತರದ ಸರಕೂ ಒಂದೇ ಆಗಿರುತ್ತದೆ. ಈ ಮೂರನ್ನೂ ದರಪಟ್ಟಿಯಲ್ಲಿ "ಬ್ಯಾಕ್ಸ್ ಪ್ರತಿಕಾಯ, 100 ಮೈಕ್ರೊಲೀಟರ್" ಎಂಬ ಒಂದೇ ಸಾಲಿನಲ್ಲಿ ಬರೆದು ದರ ಹೋಲಿಸುವುದು, ತೊಗರಿಯನ್ನೂ ಒಡಕು ಬೇಳೆಯನ್ನೂ ಹೊಟ್ಟನ್ನೂ "ತೊಗರಿ ಸರಕು" ಎಂದು ಬರೆದು ದರ ಹೋಲಿಸಿದಂತೆಯೇ ಸರಿ.

ಈ ಆತಂಕ ಕೇವಲ ಊಹೆಯಲ್ಲ. 2008ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ 5,000ಕ್ಕೂ ಹೆಚ್ಚು ವಾಣಿಜ್ಯ ಪ್ರತಿಕಾಯಗಳ ಪೈಕಿ ಅರ್ಧಕ್ಕಿಂತ ಕಡಿಮೆ ಮಾತ್ರ ತಮ್ಮ ಗುರಿಯನ್ನಷ್ಟೇ ಹಿಡಿದವು. ದೋಷಪೂರ್ಣ ಪ್ರತಿಕಾಯಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 80 ಕೋಟಿ ಡಾಲರ್ ಪೋಲಾಗುತ್ತಿದೆಯೆಂದು 2015ರಲ್ಲಿ ಆಂಡ್ರ್ಯೂ ಬ್ರಾಡ್‌ಬರಿ ಮತ್ತು ಆಂಡ್ರಿಯಾಸ್ ಪ್ಲುಕ್‌ಟುನ್ ಅವರು ಅಂದಾಜಿಸಿದರು. ನೂರಕ್ಕೂ ಹೆಚ್ಚು ವಿಜ್ಞಾನಿಗಳು ಅವರೊಡನೆ ಸಹಿ ಹಾಕಿದರು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳ ನೇತೃತ್ವದ ತಂಡವು 65 ಪ್ರೋಟೀನುಗಳಿಗೆ ಸಂಬಂಧಿಸಿದ 614 ಪ್ರತಿಕಾಯಗಳನ್ನು ಪರೀಕ್ಷಿಸಿ 2023ರಲ್ಲಿ ವರದಿ ಮಾಡಿತು. ಕೆಲಸ ಮಾಡದ ಪ್ರತಿಕಾಯವನ್ನು ಬಳಸಿ ಬರೆದ ಲೇಖನಗಳು ಒಂದೊಂದು ಪ್ರೋಟೀನಿಗೆ ಸರಾಸರಿ 12ರಷ್ಟಿದ್ದವು.

ಆ ತಂಡ ಅನುಸರಿಸಿದ ಪರೀಕ್ಷೆ ಸರಳವಾದದ್ದು. ಗುರಿ ಪ್ರೋಟೀನಿನ ವಂಶವಾಹಿಯನ್ನೇ ತೆಗೆದುಹಾಕಿದ ಕೋಶಕ್ಕೆ ಪ್ರತಿಕಾಯವನ್ನು ಬಿಟ್ಟರೆ ಏನೂ ಕಾಣಿಸಬಾರದು. ಕಾಣಿಸಿದರೆ ಅದು ಬೇರೇನನ್ನೋ ಹಿಡಿಯುತ್ತಿದೆ ಎಂದರ್ಥ. ಖಾಲಿ ತಟ್ಟೆಯಲ್ಲಿ ತಕ್ಕಡಿಯ ಮುಳ್ಳು ಸೊನ್ನೆಯ ಮೇಲೆ ನಿಲ್ಲಬೇಕೆಂಬ ನಿಯಮವೇ ಇದು. ಅಂಗಡಿಯ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಕಡ್ಡಾಯ. ಆದರೆ "ಸಂಶೋಧನಾ ಬಳಕೆಗೆ ಮಾತ್ರ" ಎಂಬ ಚೀಟಿಯೊಡನೆ ಬರುವ ಪ್ರತಿಕಾಯಕ್ಕೆ ಅಂತಹ ಯಾವ ಮುದ್ರೆಯೂ ಇಲ್ಲ. ತಯಾರಕರ ಮಾತೇ ಪ್ರಮಾಣ.

ಇದೇ ವರದಿಯಲ್ಲಿ ಉದ್ದಿಮೆದಾರರಿಗೆ ಸಂತೋಷದ ಸಂಗತಿಯೂ ಇದೆ. ಪರೀಕ್ಷೆಗೆ ಸರಕನ್ನು ಕೊಟ್ಟವರು ತಯಾರಕ ಕಂಪನಿಗಳೇ. ಫಲಿತಾಂಶ ಬಂದ ಮೇಲೆ ನಿರೀಕ್ಷೆಗೆ ತಕ್ಕಂತೆ ನಡೆಯದ ಪ್ರತಿಕಾಯಗಳಲ್ಲಿ ಸುಮಾರು ಶೇಕಡಾ 20ರಷ್ಟನ್ನು ಅವು ಮಾರುಕಟ್ಟೆಯಿಂದ ಹಿಂತೆಗೆದುಕೊಂಡವು. ಸುಮಾರು ಶೇಕಡಾ 40ರಷ್ಟರ ಬಳಕೆಯ ಸೂಚನೆಯನ್ನು ತಿದ್ದಿದವು. ಪರೀಕ್ಷೆಗೆ ಅಂಜದ ವ್ಯಾಪಾರಿಯ ಹೆಸರು ಉಳಿಯುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ರೋಗಿಯ ಪಾಲಿನ ನಷ್ಟ

ಸಂಶೋಧನೆಯ ಹಣ ಪೋಲಾಗುವುದು ಒಂದು ಮಾತು. ಆಸ್ಪತ್ರೆಯಲ್ಲಿ ಇದೇ ತಂತ್ರದಿಂದ ಗಡ್ಡೆಯ ತುಣುಕಿಗೆ ಬಣ್ಣ ಕಟ್ಟಿ ಚಿಕಿತ್ಸೆಯನ್ನು ನಿರ್ಧರಿಸುತ್ತಾರೆ ಎಂಬುದು ಅದಕ್ಕಿಂತ ಗಂಭೀರ. ದುಗ್ಧಗ್ರಂಥಿಯ ಕೆಲವು ಕ್ಯಾನ್ಸರ್‌ಗಳನ್ನು ಗುರುತಿಸಲು ಬಿಸಿಎಲ್-2 ಪ್ರತಿಕಾಯವನ್ನೂ, ಸ್ತನ ಕ್ಯಾನ್ಸರ್‌ನಲ್ಲಿ ಹಾರ್ಮೋನ್ ಗ್ರಾಹಕಗಳ ಪ್ರತಿಕಾಯವನ್ನೂ ಬಳಸುತ್ತಾರೆ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್ ಪ್ರಾಂತ್ಯದಲ್ಲಿ 1997ರಿಂದ 2005ರವರೆಗೆ ನಡೆದ ಹಾರ್ಮೋನ್ ಗ್ರಾಹಕ ಪರೀಕ್ಷೆಗಳಲ್ಲಿ 380ಕ್ಕೂ ಹೆಚ್ಚು ಸ್ತನ ಕ್ಯಾನ್ಸರ್ ರೋಗಿಗಳಿಗೆ ತಪ್ಪು ಫಲಿತಾಂಶ ನೀಡಲಾಗಿತ್ತು. ತಮಗೆ ಸಲ್ಲಬೇಕಾಗಿದ್ದ ಔಷಧದ ಅವಕಾಶದಿಂದಲೇ ಅನೇಕರು ವಂಚಿತರಾದರು. ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ಅಷ್ಟರಲ್ಲಿ ತೀರಿಕೊಂಡಿದ್ದರು. ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮೆರಾನ್ ಅವರ ವಿಚಾರಣಾ ವರದಿ 2009ರಲ್ಲಿ ಹೊರಬಂದು, ಗುಣಮಟ್ಟ ನಿಯಂತ್ರಣದ ಕೊರತೆಯನ್ನು ಎತ್ತಿ ತೋರಿಸಿತು. ಅಲ್ಲಿನ ದೋಷ ಶೀಸೆಯದ್ದೊಂದೇ ಆಗಿರಲಿಲ್ಲ. ತಪ್ಪು ನಡೆಯುತ್ತಿದೆಯೆಂದು ವರ್ಷಗಟ್ಟಲೆ ತೋರಿಸಿಕೊಡುವ ತಪಾಸಣೆಯೇ ಇರಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಕಲಬುರಗಿಗೆ ಚಿಕಿತ್ಸೆಗೆಂದು ಬಸ್ಸಿನಲ್ಲಿ ಬರುವ ಬಡ ರೋಗಿಗೆ ಎರಡನೆಯ ಪರೀಕ್ಷೆ ಮಾಡಿಸುವ ಶಕ್ತಿ ಇರುವುದಿಲ್ಲ. ಅವರ ಪಾಲಿಗೆ ಮೊದಲನೆಯದೇ ಕೊನೆಯದು.

ಖಾತೆಯ ಎರಡೂ ಬದಿ

ಈಗ ಲೆಕ್ಕಕ್ಕೆ ಬರೋಣ. ಒಂದು ಪ್ರಯೋಗಾಲಯಕ್ಕೆ ಎರಡು ದರಗಳು ಬಂದಿವೆ ಎಂದು ಭಾವಿಸೋಣ. ಪುರಾವೆಯಿಲ್ಲದ ಶೀಸೆಗೆ ರೂ. 20,000, ಪುರಾವೆ ಸಮೇತವಾದ ಶೀಸೆಗೆ ರೂ. 35,000. ಕಡಿಮೆ ದರದ್ದನ್ನು ಕೊಂಡರೆ ಕಡತದಲ್ಲಿ ರೂ. 15,000 ಉಳಿತಾಯ. ಆ ಶೀಸೆ ಕೆಲಸ ಮಾಡದೆ ಸಂಶೋಧನಾ ವಿದ್ಯಾರ್ಥಿಯ ಮೂರು ತಿಂಗಳು ವ್ಯರ್ಥವಾದರೆ? ಕಿರಿಯ ಸಂಶೋಧಕರ ಶಿಷ್ಯವೇತನವು 2023ರ ಜನವರಿಯಿಂದ ತಿಂಗಳಿಗೆ ರೂ. 37,000. ಮೂರು ತಿಂಗಳಿಗೆ ರೂ. 1,11,000. ಮೊದಲ ಶೀಸೆಯ ರೂ. 20,000 ಮತ್ತು ಅನಿವಾರ್ಯವಾಗಿ ಕೊಳ್ಳಬೇಕಾದ ಎರಡನೆಯದರ ರೂ. 35,000 ಕೂಡಿಸಿದರೆ ಒಟ್ಟು ರೂ. 1,66,000. ಮೊದಲೇ ಸರಿಯಾದುದನ್ನು ಕೊಂಡಿದ್ದರೆ ಆಗುತ್ತಿದ್ದ ವೆಚ್ಚ ರೂ. 35,000 ಮಾತ್ರ. ಹದಿನೈದು ಸಾವಿರ ಉಳಿಸಲು ಹೋಗಿ ಒಂದು ಲಕ್ಷದ ಮೂವತ್ತೊಂದು ಸಾವಿರ ಕಳೆದುಕೊಂಡಂತಾಯಿತು. ದುರದೃಷ್ಟವೆಂದರೆ ಈ ನಷ್ಟ ಯಾವ ಖಾತೆಯಲ್ಲೂ ಕಾಣಿಸುವುದಿಲ್ಲ. ಶಿಷ್ಯವೇತನ ಒಂದು ಶೀರ್ಷಿಕೆಯಲ್ಲಿ, ಶೀಸೆ ಇನ್ನೊಂದು ಶೀರ್ಷಿಕೆಯಲ್ಲಿ ಹೋಗುತ್ತದೆ.

ಕನಿಷ್ಠ ದರವನ್ನು ಒಪ್ಪದಿದ್ದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆಂಬ ಭಯ ಅಧಿಕಾರಿಗಳಲ್ಲಿದೆ. ಭಯಕ್ಕೆ ಕಾರಣವಿದೆ, ದರದ ನಿಯಮವನ್ನು ಸಡಿಲಿಸಿದರೆ ಸ್ವಜನಪಕ್ಷಪಾತಕ್ಕೆ ಬಾಗಿಲು ತೆರೆದಂತಾಗುವುದೆಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ನಿಯಮವನ್ನು ಮುರಿಯುವ ಅಗತ್ಯವೇ ಇಲ್ಲ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ನಿಯಮಗಳಲ್ಲಿ ತಾಂತ್ರಿಕ ಲಕೋಟೆ, ದರದ ಲಕೋಟೆ ಎಂಬ ಎರಡು ಲಕೋಟೆ ಪದ್ಧತಿಗೆ ಅವಕಾಶವಿದೆ. ಕೇಂದ್ರದ ಸಂಸ್ಥೆಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳಿವೆ. ದರಪಟ್ಟಿಯಿಲ್ಲದೆ ನೇರವಾಗಿ ಕೊಳ್ಳುವ ಮಿತಿಯನ್ನು ಸಂಶೋಧನಾ ಸಂಸ್ಥೆಗಳಿಗೆ 2025ರ ಜೂನ್‌ನಲ್ಲಿ ರೂ. 1 ಲಕ್ಷದಿಂದ ರೂ. 2 ಲಕ್ಷಕ್ಕೆ ಏರಿಸಲಾಯಿತು. ಪುರಾವೆಯನ್ನು ತಾಂತ್ರಿಕ ಷರತ್ತಾಗಿ ಮೊದಲೇ ಬರೆದು, ಆ ಷರತ್ತು ಪೂರೈಸಿದವರಲ್ಲಿ ಕನಿಷ್ಠ ದರವನ್ನು ಆರಿಸಿದರೆ ನ್ಯಾಯವೂ ಉಳಿಯುತ್ತದೆ, ಹಣವೂ ಉಳಿಯುತ್ತದೆ. ಲೆಕ್ಕಪರಿಶೋಧಕರೂ ಕೇವಲ ದರದ ಸಾಲನ್ನು ನೋಡುವ ದೃಷ್ಟಿಯನ್ನು ತಿದ್ದಿಕೊಳ್ಳಬೇಕಾಗಿದೆ.

ತೆರಿಗೆಯ ವಿಷಯದಲ್ಲಿಯೂ ಒಂದು ಮಾತು. ಸಾರ್ವಜನಿಕ ಸಂಶೋಧನಾ ಸಂಸ್ಥೆಗಳ ಖರೀದಿಗೆ ಇದ್ದ ಶೇಕಡಾ 5ರ ರಿಯಾಯಿತಿ ಜಿಎಸ್‌ಟಿ ದರವು 2022ರ ಜುಲೈ 18ರಿಂದ ರದ್ದಾಯಿತು. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರ ಹಂತವನ್ನು ತೆಗೆದು ರೋಗನಿರ್ಣಯದ ಕಿಟ್ ಹಾಗೂ ಕಾರಕಗಳನ್ನು ಶೇಕಡಾ 5ಕ್ಕೆ ತಂದುದು ಸ್ವಾಗತಾರ್ಹ. ಪೂರೈಕೆದಾರರು ಪ್ರತಿಕಾಯವನ್ನು 3002ರ ಶೀರ್ಷಿಕೆಯಲ್ಲೋ ತಯಾರಾದ ಕಾರಕವಾಗಿ 3822ರಲ್ಲೋ ತೋರಿಸಬೇಕೆಂಬುದನ್ನು ಸರಕಿನ ಸ್ವರೂಪ ನೋಡಿ ನಿರ್ಧರಿಸತಕ್ಕದ್ದು. ತಪ್ಪಾದ ಸಂಕೇತವು ಮುಂದೆ ವ್ಯಾಜ್ಯಕ್ಕೆ ಎಡೆಮಾಡುತ್ತದೆ.

ಈ ಭಾಗದವರು ಮಾಡಬಹುದಾದದ್ದು

ನಾಳೆಯೇ ಆಳಂದದಲ್ಲಿ ಪ್ರತಿಕಾಯದ ಕಾರ್ಖಾನೆ ತಲೆಯೆತ್ತುತ್ತದೆಂದು ಹೇಳುವುದು ಭ್ರಮೆಯಾದೀತು. ಔಷಧವಾಗಿ ಬಳಸುವ ಪ್ರತಿಕಾಯಗಳನ್ನು ತಯಾರಿಸುವ ಸಾಮರ್ಥ್ಯ ರಾಜ್ಯದಲ್ಲಿದೆ; ಬೆಂಗಳೂರಿನ ಬಯೋಕಾನ್ 2006ರಲ್ಲಿಯೇ ಕ್ಯಾನ್ಸರ್‌ಗೆ ಸಂಬಂಧಿಸಿದ ಪ್ರತಿಕಾಯ ಔಷಧವನ್ನು ಮಾರುಕಟ್ಟೆಗೆ ತಂದಿತು. ಆದರೂ ಪ್ರಯೋಗಾಲಯದ ಪ್ರತಿಕಾಯಗಳು ಬಹುಪಾಲು ವಿದೇಶದಿಂದಲೇ ಬರುತ್ತಿವೆ. ಕಲ್ಯಾಣ ಕರ್ನಾಟಕದ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಇಲ್ಲಿ ಕೈಗೆಟುಕುವ ಕೆಲಸಗಳು ಹೀಗಿವೆ:

1. ಶೀತಲ ಸರಪಳಿ. ಪ್ರತಿಕಾಯವನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿಯಲ್ಲಿ ಅಥವಾ ಮೈನಸ್ 20 ಡಿಗ್ರಿಯಲ್ಲಿ ಇಡಬೇಕು. ಪದೇ ಪದೇ ಹೆಪ್ಪುಗಟ್ಟಿ ಕರಗಿದರೆ ಗುಣ ಕೆಡುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಈ ಜಿಲ್ಲೆಯಲ್ಲಿ ಉಷ್ಣತೆಯ ದಾಖಲೆ ಸಮೇತ ಸರಕು ತಲುಪಿಸುವವನಿಗೆ ಬೇಡಿಕೆಯಿದೆ. ಲಸಿಕೆಗೂ ಔಷಧಕ್ಕೂ ಇದೇ ವ್ಯವಸ್ಥೆ ಸಲ್ಲುತ್ತದೆ.

2. ಪುರಾವೆಯೊಡನೆ ಪೂರೈಕೆ. ಪ್ರತಿ ಲಾಟ್‌ನ ಪರೀಕ್ಷಾ ವರದಿ, ವಂಶವಾಹಿ ತೆಗೆದ ಕೋಶದ ಫಲಿತಾಂಶ, ಕೆಲಸ ಮಾಡದಿದ್ದರೆ ಬದಲಿ ಕೊಡುವ ಲಿಖಿತ ಷರತ್ತು, ಇವನ್ನು ತಯಾರಕರಿಂದ ಪಡೆದು ಗ್ರಾಹಕರಿಗೆ ಒದಗಿಸುವ ವಿತರಕನು ದರದಲ್ಲಿ ಸ್ವಲ್ಪ ಹೆಚ್ಚಿದ್ದರೂ ಉಳಿಯುತ್ತಾನೆ.

3. ಸಾಮೂಹಿಕ ಪರೀಕ್ಷೆ. ಜಿಲ್ಲೆಯ ವಿಶ್ವವಿದ್ಯಾಲಯಗಳೂ ವೈದ್ಯಕೀಯ ಕಾಲೇಜುಗಳೂ ಕೂಡಿ ಒಂದು ಪರೀಕ್ಷಾ ಸೌಲಭ್ಯ ಮಾಡಿಕೊಂಡರೆ ಒಬ್ಬರು ಕಂಡುಕೊಂಡ ದೋಷ ಎಲ್ಲರಿಗೂ ತಿಳಿಯುತ್ತದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1986ರಿಂದ ಲಾಭದ ಉದ್ದೇಶವಿಲ್ಲದೆ ನಡೆಯುತ್ತಿರುವ ಪ್ರತಿಕಾಯ ಭಂಡಾರವು ಕಡಿಮೆ ಬೆಲೆಗೆ ಸರಕು ಒದಗಿಸುತ್ತಿದೆ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಕೋಶ ಭಂಡಾರವೂ ಸಾಮೂಹಿಕ ಸೌಲಭ್ಯಕ್ಕೆ ದೇಶೀಯ ಮಾದರಿ.

4. ಯುವ ಉದ್ದಿಮೆದಾರರಿಗೆ ಆಸರೆ. ಕೇಂದ್ರದ ಜೈವಿಕ ತಂತ್ರಜ್ಞಾನ ಉದ್ಯಮ ನೆರವು ಮಂಡಳಿಯಾದ ಬೈರಾಕ್ 2012ರಿಂದ ಕಾರ್ಯನಿರ್ವಹಿಸುತ್ತಿದೆ. ಅದರ ಬಿಗ್ ಯೋಜನೆಯಲ್ಲಿ ರೂ. 50 ಲಕ್ಷದವರೆಗೆ ಅನುದಾನವಿದೆ. ಕಡಗಂಚಿಯಲ್ಲಿ ಓದಿದ ಪದವೀಧರರು ಬೆಂಗಳೂರು, ಹೈದರಾಬಾದಿನ ಬಸ್ಸು ಹತ್ತುವ ಮೊದಲು ವಾಣಿಜ್ಯ ಸಂಸ್ಥೆಯ ಬಾಗಿಲು ತಟ್ಟುವಂತಾಗಬೇಕು. ಅರ್ಜಿ, ಯೋಜನಾ ವರದಿ, ಲೆಕ್ಕಪತ್ರಗಳಲ್ಲಿ ಅವರಿಗೆ ನೆರವಾಗಲು ಒಂದು ಉಪಸಮಿತಿ ಸಾಕು.

ಕೋಶದ ಮರಣವನ್ನು ಸಾರುವ ಪ್ರೋಟೀನನ್ನು ಹುಡುಕುವ ಈ ಶೀಸೆ ಮೇಲ್ನೋಟಕ್ಕೆ ತೊಗರಿ ಮಾರುಕಟ್ಟೆಯಿಂದ ಬಹುದೂರದ ವಸ್ತು. ಆದರೆ ಅದನ್ನು ಕೊಳ್ಳುವಾಗ ಬೇಕಾದ ಬುದ್ಧಿ ಮಾರುಕಟ್ಟೆಯ ಬುದ್ಧಿಯೇ. ಮಾದರಿ ನೋಡದೆ ಚೀಲ ಕೊಳ್ಳದ ನಾಡಿನಲ್ಲಿ ಪುರಾವೆ ನೋಡದೆ ಶೀಸೆ ಕೊಳ್ಳುವ ಪದ್ಧತಿ ಮುಂದುವರಿಯಬಾರದು. ಸಂಬಂಧಪಟ್ಟ ಸಂಸ್ಥೆಗಳು ತಮ್ಮ ಮುಂದಿನ ಟೆಂಡರಿನ ತಾಂತ್ರಿಕ ಷರತ್ತುಗಳಲ್ಲಿ ಈ ಒಂದು ಸಾಲನ್ನು ಸೇರಿಸಿದರೆ ಅಷ್ಟರ ಮಟ್ಟಿಗೆ ಸಾರ್ವಜನಿಕ ಹಣವೂ, ವಿದ್ಯಾರ್ಥಿಗಳ ಆಯುಷ್ಯವೂ, ರೋಗಿಗಳ ಪ್ರಾಣವೂ ಉಳಿಯುವುದರಲ್ಲಿ ಸಂದೇಹವಿಲ್ಲ.